ಒಂದೇ ಗುಂಡಿಯ ಫೋನು

ಮಾರ್ಚ್ ೪, ಸೋಮವಾರ

ವರ್ಗ ಸಿಕ್ಕಿತು, ನಾನು ನನ್ನ ಗಂಡನ ಊರಿಗೆ ಹೋಗುತ್ತಿದ್ದೇನೆ! ಮಧ್ಯಾಹ್ನದಿಂದ ಈ ಮಾತನ್ನು ಕಂಡಕಂಡವರಿಗೆಲ್ಲ ಹೇಳಿ ಆಯಿತು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೂ ಹೇಳಿದೆ, ಅವರು ಎದ್ದು ಮುಂದಿನ ಸೀಟಿಗೆ ಹೋದರು. ಇನ್ನು ಉಳಿದಿರುವುದು ಈ ದಿನಚರಿ ಮಾತ್ರ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇಷ್ಟು ಖುಷಿ ಇಂಗ್ಲಿಷಿನಲ್ಲಿ ಹಿಡಿಸುತ್ತಿಲ್ಲ. ನನ್ನ ಗಂಡ. ನನ್ನ ಗಂಡ. ಬರೆದು ಬರೆದು ರೂಢಿಯಾಗಬೇಕು.

ಮದುವೆಯಾಗಿ ಎರಡು ತಿಂಗಳಾಗುತ್ತ ಬಂತು, ಜೊತೆಗಿದ್ದದ್ದು ಮದುವೆಯ ರಜೆಯಷ್ಟೇ. ಅವನು ಆ ಊರಿನಲ್ಲಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾನೆ. ನಾನು ಈ ಊರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಲಿಫ್ಟ್ ಕಂಪನಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ನಡುವೆ ಒಂದಿಡೀ ರಾತ್ರಿಯ ರೈಲು.

ಇವತ್ತು ದೊಡ್ಡಸಾರ್ ಕರೆದು ಹೇಳಿದರು: "ನೋಡಮ್ಮ, ಮೀಟಿಂಗು, ಮೆಸೇಜು, ಫೈಲು ಎಲ್ಲಾ ಕಟ್ಟೆ ಹತ್ತಿದೆ. ಫೋನೊಂದು ಕೆಳಗೆ ಉಳ್ಕೊಂಡಿದೆ. ಅದನ್ನೂ ಹತ್ತಿಸಿಬಿಟ್ಟು ನೀನು ಹೊರಡು. ಆಮೇಲೆ ನೀನು ಆ ಊರಿನ ಬ್ರಾಂಚಲ್ಲಿ ಕೂತ್ರೂ ಒಂದೇ, ಚಂದ್ರಲೋಕದಲ್ಲಿ ಕೂತ್ರೂ ಒಂದೇ."

ಕಟ್ಟೆ ಎಂದರೆ ಆಫೀಸಿನವರೆಲ್ಲ ಒಟ್ಟಿಗೆ ಕೆಲಸ ಮಾಡುವ ಸಾಫ್ಟ್‌ವೇರ್. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ, ಆದರೆ ಹಾಕಿಸಿದ ಮೊದಲ ದಿನವೇ ಎಲ್ಲರೂ ಅಲ್ಲಿ ಕೆಲಸ ಬಿಟ್ಟು ಹರಟೆ ಹೊಡೆದದ್ದರಿಂದ ಕಟ್ಟೆಯಾಯಿತು. ಈಗ ಅದಕ್ಕೆ ಹೊರಗಿನ ಫೋನ್ ಜೋಡಿಸಬೇಕು. ಅಷ್ಟೇ. ಇಪ್ಪತ್ಮೂರರ ಶನಿವಾರ ರಾತ್ರಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿಯೂ ಬಿಟ್ಟೆ.

ಅವನಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ನಾನು ಉಸಿರು ತೆಗೆದುಕೊಂಡಾಗ ಅವನೆಂದ: "ಎಕ್ಸ್‌ಪ್ರೆಸ್ಸೇ ತಾನೆ? ಆ ಪ್ಯಾಸೆಂಜರ್ ಮಾತ್ರ ಹತ್ತಬೇಡ ಮಾರಾಯ್ತಿ. ಅದು ಒಂದೊಂದು ಸ್ಟೇಷನ್ನಲ್ಲೂ ನಿಂತು ಕ್ಷೇಮಸಮಾಚಾರ ವಿಚಾರಿಸ್ಕೊಂಡು ಬರುತ್ತೆ. ನೀನು ಇಳಿಯೋಷ್ಟರಲ್ಲಿ ನಂಗೇ ಕನ್ನಡಕ ಬಂದಿರುತ್ತೆ."

ಚಿಕ್ಕಮ್ಮ ಅಡುಗೆಮನೆಯಿಂದ, "ಬಾಯಿ ಮುಚ್ಚೇ, ಹಲ್ಲು ಒಣಗುತ್ತೆ" ಅಂದರು.

ಮಾರ್ಚ್ ೬, ಬುಧವಾರ

ಸಾಫ್ಟ್‌ವೇರ್ ಮಾರುವ ಕಂಪನಿಯಿಂದ ಒಬ್ಬರು ಬಂದಿದ್ದರು. ಈ ಸೆಕೆಯಲ್ಲೂ ಕುತ್ತಿಗೆ ಬಿಗಿದ ಟೈ. ಆಫೀಸಿನ ಫೋನ್ ಎತ್ತುವ ಬೋರ್ಡಕ್ಕ ಅವರಿಗೆ ಟೈ ಎಂದೇ ಹೆಸರಿಟ್ಟರು, ಮಧ್ಯಾಹ್ನದೊಳಗೆ ಅದು ನಿಂತೂಬಿಟ್ಟಿತು.

ಟೈ ಹೇಳಿದ್ದು ಇಷ್ಟು. ಕಟ್ಟೆಗೆ ಫೋನ್ ಜೋಡಿಸಲು ಮೂರು ದಾರಿ. ಮೊದಲನೆಯದು, ಸಾಫ್ಟ್‌ವೇರ್ ಕಂಪನಿಯವರೇ ಕರೆಗಳನ್ನೂ ಮಾರುತ್ತಾರೆ, ಅವರಿಂದಲೇ ಕೊಂಡುಬಿಡುವುದು. ಎರಡನೆಯದು, ಅವರ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡಿರುವ ಟೆಲಿಫೋನ್ ಕಂಪನಿಯೊಂದನ್ನು ಆರಿಸಿಕೊಳ್ಳುವುದು. ಮೂರನೆಯದು, ಈಗಿರುವ ಫೋನ್ ಲೈನುಗಳನ್ನು ಹಾಗೇ ಇಟ್ಟುಕೊಂಡು, ಅವುಗಳಿಗೂ ಕಟ್ಟೆಗೂ ನಡುವೆ ನಮ್ಮದೇ ಒಂದು ಪೆಟ್ಟಿಗೆ ಕೂರಿಸುವುದು.

"ಮೂರನೇದು ಯಾರು ಮಾಡ್ತಾರೆ?" ಎಂದೆ.

"ಕೆಲಸ ಇಲ್ದೋರು ಮಾಡ್ತಾರೆ ಮೇಡಂ. ವಾರಗಟ್ಟಲೆ ಹಿಡಿಯುತ್ತೆ. ಮೊದಲನೇದು ಹಾಕ್ಕೊಳ್ಳಿ, ಮುಂದಿನ ವಾರಾನೇ ನಿಮ್ಮ ನಂಬರ್ ಅಲ್ಲಿಗೆ ಬಂದಿರುತ್ತೆ."

ಮುಂದಿನ ವಾರ! ಆ ಟೈಯನ್ನು ನಾನೇ ಇಸ್ತ್ರಿ ಮಾಡಿಕೊಡಬೇಕು ಅನ್ನಿಸಿತು. ಮೊದಲನೆಯದಕ್ಕೇ ಒಪ್ಪಿದೆ.

ಮಾರ್ಚ್ ೧೧, ಸೋಮವಾರ

ಇವತ್ತು ಬೋರ್ಡಕ್ಕನ ಧ್ವನಿ ರೆಕಾರ್ಡ್ ಮಾಡಿದೆವು. ಇಷ್ಟು ನಕ್ಕು ಬಹಳ ದಿನವಾಗಿತ್ತು. (ಸುಳ್ಳು, ನಿನ್ನೆಯೂ ನಕ್ಕಿದ್ದೆ. ಮದುವೆಯಾದ ಮೇಲೆ ನಗುವುದಕ್ಕೆ ಕಾರಣವೇ ಬೇಕಾಗಿಲ್ಲ.)

ಬೋರ್ಡಕ್ಕ ನಮ್ಮ ಟೆಲಿಫೋನ್ ಆಪರೇಟರ್. ಬಾಗಿಲ ಪಕ್ಕದಲ್ಲಿ ಹಳೆಯ ಬೋರ್ಡಿನ ಮುಂದೆ ಕೂರುತ್ತಾರೆ. ಹೊರಗಿನಿಂದ ಯಾರು ಕರೆದರೂ ಮೊದಲು ಎತ್ತುವುದು ಅವರೇ. ನಮ್ಮ ಕಂಪನಿಯ ಪ್ರತಿ ಲಿಫ್ಟ್ ಒಳಗೂ ಒಂದು ಫೋನಿದೆ. ಯಾವ ಊರಿನ ಲಿಫ್ಟ್ ಆದರೂ ಸರಿ, ಒಳಗೆ ಸಿಕ್ಕಿಕೊಂಡವರು ಗಂಟೆಯ ಚಿತ್ರವಿರುವ ಗುಂಡಿ ಒತ್ತಿದರೆ ಆ ಫೋನು ತಾನಾಗಿ ನಮ್ಮ ನಂಬರಿಗೆ ಕರೆ ಮಾಡುತ್ತದೆ. ಬೋರ್ಡಕ್ಕ ಮೆಕ್ಯಾನಿಕ್‌ನನ್ನು ಕಳಿಸಿ, ಅವನು ತಲುಪುವ ತನಕ ಅವರ ಜೊತೆ ಮಾತಾಡುತ್ತಿರುತ್ತಾರೆ.

ಇನ್ನು ಕರೆಗಳನ್ನು ಮೊದಲು ಮಷೀನ್ ಎತ್ತುತ್ತದೆ ಎಂದಾಗ ಅವರಿಗೆ ಬೇಜಾರಾಗಬಹುದೆಂದು ಹೆದರಿದ್ದೆ.

"ಎತ್ಲಿ ಬಿಡೇ ಪುಣ್ಯಾತ್ಗಿತ್ತಿ. ಇಲ್ಲಿ ಮಾತಾಡಿ ಮಾತಾಡಿ ಮನೇಲಿ ನಾನು ತುಟಿ ಬಿಚ್ಚಲ್ಲ. ನಮ್ಮನೆಯವರು ಮೂಗೀನ ಕಟ್ಕೊಂಡೆ ಅಂತ ಮೂವತ್ತು ವರ್ಷದಿಂದ ಖುಷಿಯಾಗಿದ್ದಾರೆ."

ರೆಕಾರ್ಡಿಂಗ್ ಹೀಗಿದೆ: ಹೊಸ ಲಿಫ್ಟ್ ಬೇಕಾದರೆ ಒಂದನ್ನು ಒತ್ತಿ, ಬಿಲ್ಲಿನ ವಿಚಾರಕ್ಕೆ ಎರಡನ್ನು ಒತ್ತಿ, ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರೆ ಮೂರನ್ನು ಒತ್ತಿ. ಮೂರು ಬಂದಾಗಲೆಲ್ಲ ಬೋರ್ಡಕ್ಕ, "ಹೆದರ್ಕೋಬೇಡಿ, ಆಯ್ತಾ" ಎಂದು ಸೇರಿಸಿಬಿಡುತ್ತಿದ್ದರು. ಅದನ್ನು ತೆಗೆಸಲು ಸಾಕುಬೇಕಾಯಿತು. ಕೊನೆಗೆ ದೊಡ್ಡಸಾರ್, ಲೆಕ್ಕದವರು, ಟೈ ಎಲ್ಲರೂ ಸುತ್ತ ನಿಂತು ಕೇಳಿದೆವು. ಎಲ್ಲರೂ ತಲೆದೂಗಿದರು. ಲೆಕ್ಕದವರಂತೂ "ರೇಡಿಯೋ ಕೇಳ್ದಂಗಿದೆ" ಅಂದರು.

ಮಾರ್ಚ್ ೧೪, ಗುರುವಾರ

ಪರೀಕ್ಷೆಗೆಂದು ಒಂದು ಹೊಸ ನಂಬರನ್ನು ಕಟ್ಟೆಗೆ ಜೋಡಿಸಿ, ಒಂದೇ ಒಂದು ಲಿಫ್ಟನ್ನು ಅದಕ್ಕೆ ತಿರುಗಿಸಿದ್ದೇವೆ. ನಮ್ಮ ಚಿಕ್ಕಮ್ಮನ ಕಟ್ಟಡದ್ದು.

ಸಂಜೆ ಲಿಫ್ಟ್ ಹತ್ತಿದವಳಿಗೆ ಬೋರ್ಡಕ್ಕನ ಧ್ವನಿಯನ್ನು ಗಂಡನಿಗೆ ಕೇಳಿಸುವ ಹುಕಿ ಬಂತು. ಮೊಬೈಲಿನಲ್ಲಿ ಅವನನ್ನು ಹಿಡಿದು, "ಇರು ಇರು, ಈಗ ಕೇಳು" ಎಂದು ಗುಂಡಿ ಒತ್ತಿದೆ. ಬಾಗಿಲು ಮುಚ್ಚಿತು, ಸಿಗ್ನಲ್ ಹೋಯಿತು, ಅವನೂ ಹೋದ. ಗೋಡೆಯಿಂದ ಬೋರ್ಡಕ್ಕ ಮಾತ್ರ ಜೇನಿನಂಥ ಸ್ವರದಲ್ಲಿ ಹೇಳುತ್ತಿದ್ದರು: ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರೆ ಮೂರನ್ನು ಒತ್ತಿ.

ಮೂರೆಲ್ಲಿದೆ? ಫೋನಿಗಿರುವುದು ಒಂದೇ ಗುಂಡಿ, ಗಂಟೆಯ ಚಿತ್ರದ್ದು. ಅದನ್ನೇ ಮತ್ತೆ ಒತ್ತಿದೆ. ಮೂರನೇ ಮಹಡಿಯ ಗುಂಡಿಯನ್ನೂ ಒತ್ತಿ ನೋಡಿದೆ, ಲಿಫ್ಟ್ ಮೂರನೇ ಮಹಡಿಯಲ್ಲಿ ನಿಂತಿತು. ನೀವು ಯಾವುದನ್ನೂ ಒತ್ತಿಲ್ಲ, ಕರೆ ಮಾಡಿದ್ದಕ್ಕೆ ಧನ್ಯವಾದ ಎಂದು ಬೋರ್ಡಕ್ಕ ಇಟ್ಟುಬಿಟ್ಟರು.

ನಾಲ್ಕನೇ ಮಹಡಿಯ ತನಕ ನಕ್ಕಿದ್ದೇ ನಕ್ಕಿದ್ದು. ಗಂಡನಿಗೆ ಮತ್ತೆ ಫೋನ್ ಮಾಡಿ ಅಭಿನಯಸಹಿತ ಹೇಳಿದೆ, ಅವನೂ ನಕ್ಕ. ಊಟದ ಹೊತ್ತಿಗೆ ಚಿಕ್ಕಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ, "ಈ ಲಿಫ್ಟೊಂದು ಇಲ್ದಿದ್ರೆ ನಾನು ಮನೆಯಲ್ಲೇ ಮೂಲೆ ಹಿಡೀತಿದ್ದೆ" ಅಂದರು. ಆಮೇಲೆ ನಗು ಬರಲಿಲ್ಲ.

ಲಿಫ್ಟ್ ಮಾಡುವವರು ನಾವು. ಅಷ್ಟು ಜನ ಸುತ್ತ ನಿಂತು ತಲೆದೂಗಿದ್ದೆವು.

ಮಾರ್ಚ್ ೧೫, ಶುಕ್ರವಾರ

ಹೇಳಿದೆ. ದೊಡ್ಡಸಾರ್ ತಕ್ಷಣ ಟೈಯನ್ನು ಕರೆಸಿದರು. ಲೆಕ್ಕದವರು ಮಾತ್ರ, "ಹಂಗಾದ್ರೆ ಎಲ್ಲಾ ಲಿಫ್ಟ್‌ಗೂ ಹತ್ತತ್ತು ಬಟನ್ ಹಾಕ್ಸೋಣ" ಎಂದು ನೋಡಿದರು. ಬೋರ್ಡಕ್ಕ, "ನಿಮ್ಮ ಬಾಯಿಗೊಂದು ಹಾಕ್ಸೋಣ, ಆಫ್ ಮಾಡಕ್ಕೆ" ಅಂದರು.

ಟೈ ಅರ್ಧ ಗಂಟೆಯಲ್ಲಿ ಸರಿಪಡಿಸಿದರು. ಲಿಫ್ಟುಗಳ ಕರೆಗೆ ಈಗ ರೆಕಾರ್ಡಿಂಗ್ ಇಲ್ಲ. ನೇರವಾಗಿ ನಮ್ಮೆಲ್ಲರ ಲ್ಯಾಪ್‌ಟಾಪು, ಮೊಬೈಲುಗಳಲ್ಲಿ ಒಟ್ಟಿಗೆ ರಿಂಗ್ ಆಗುತ್ತದೆ, ಯಾರು ಬೇಕಾದರೂ ಎತ್ತಬಹುದು. ಇಪ್ಪತ್ಮೂರಕ್ಕೆ ಏನೂ ತೊಂದರೆಯಿಲ್ಲ. ಅವನು ಭಾನುವಾರಕ್ಕೂ ಸೋಮವಾರಕ್ಕೂ ರಜೆ ಹಾಕಿದ್ದಾನಂತೆ. ಎರಡು ಸ್ಟೂಲ್ ಕೊಂಡಿದ್ದಾನಂತೆ, ಒಂದು ಎತ್ತರ, ಒಂದು ಗಿಡ್ಡ. ಕೂತರೆ ಇಬ್ಬರ ಮುಖವೂ ಒಂದೇ ಮಟ್ಟಕ್ಕೆ ಬರಬೇಕಂತೆ. ಇಂಥ ಗಂಡ ಭೂಮಿಯ ಮೇಲೆ ಇನ್ನೊಬ್ಬನಿಲ್ಲ.

ಮಾರ್ಚ್ ೧೯, ಮಂಗಳವಾರ

ಬೋರ್ಡಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಅವರ ಕುರ್ಚಿಯಲ್ಲಿ ನಾನು ಕೂತಿದ್ದೆ. ಹನ್ನೊಂದರ ಸುಮಾರಿಗೆ ಕರೆಂಟ್ ಹೋಯಿತು. ನಮ್ಮ ಆಫೀಸಿನದು ಮಾತ್ರವಲ್ಲ, ಕಿಟಕಿಯಿಂದ ಕಾಣುವಷ್ಟು ದೂರವೂ. ಲ್ಯಾಪ್‌ಟಾಪುಗಳು ಬ್ಯಾಟರಿಯಲ್ಲಿ ಉರಿಯುತ್ತಿದ್ದವು, ಇಂಟರ್ನೆಟ್ ಇರಲಿಲ್ಲ. ಕಟ್ಟೆಯ ಮೇಲೆ ಯಾರೂ ಇಲ್ಲ.

ಬೋರ್ಡಿನಲ್ಲಿ ಸಣ್ಣ ಕೆಂಪು ದೀಪ ಹತ್ತಿತು. ಅದಕ್ಕೆ ಅದರದೇ ಬ್ಯಾಟರಿಯಿದೆ, ಟೆಲಿಫೋನ್ ಲೈನಿಗೆ ಅದರದೇ ಕರೆಂಟಿದೆ. ಎತ್ತಿದೆ.

"ಹಲೋ. ಲಿಫ್ಟ್ ನಿಂತುಬಿಟ್ಟಿದೆ. ಕತ್ತಲೆ." ಹೆಂಗಸಿನ ದನಿ.

ಕಟ್ಟಡ ಯಾವುದೆಂದು ಕೇಳಿಕೊಂಡು, ಮೆಕ್ಯಾನಿಕ್‌ನನ್ನು ಓಡಿಸಿದೆ. "ನೀವೊಬ್ರೇನಾ?"

"ಹೂಂ."

ಮೆಕ್ಯಾನಿಕ್ ತಲುಪುವ ತನಕ ಮಾತಾಡುತ್ತಿರಬೇಕು. ಬೋರ್ಡಕ್ಕ ಏನು ಹೇಳುತ್ತಾರೋ ನಾನು ಯಾವತ್ತೂ ಕಿವಿಗೊಟ್ಟವಳಲ್ಲ. ನನಗೆ ಬರುವ ಮಾತು ಒಂದೇ, ಅದನ್ನೇ ಶುರುಮಾಡಿದೆ. ನನಗೆ ಹೊಸದಾಗಿ ಮದುವೆಯಾಗಿದೆ, ಗಂಡ ಕಂಬದ ಹಾಗೆ ಉದ್ದ, ಛತ್ರದ ಬಾಗಿಲಿಗೆ ಹಣೆ ಹೊಡೆಸಿಕೊಂಡು ಮದುವೆ ಫೋಟೋದಲ್ಲೆಲ್ಲ ಬುಗುಟೆ ಬಂದಿದೆ, ಈಗ ಎರಡು ಸ್ಟೂಲ್ ತಂದಿದ್ದಾನೆ. ಎಷ್ಟು ಹೊತ್ತು ಹೇಳಿದೆನೋ. ಒಂದು ಕಡೆ ಮಾತು ಮುಗಿಯಿತು. ಆ ಕಡೆ ಏನೂ ಇಲ್ಲ.

"ಇದ್ದೀರಾ?"

"ಇದ್ದೀನಿ."

ನಾನು ಸುಮ್ಮನಿದ್ದೆ. ಬಟ್ಟೆಯ ಸರಸರ ಕೇಳಿಸಿತು.

"ಏನ್ ಮಾಡ್ತಿದ್ದೀರಿ?"

"ರವಿಕೆ ಮಡಿಸ್ತಿದ್ದೀನಿ. ಹೊಲಿಗೆಯವಳು ನಾನು. ಮೇಲಿನ ಮನೆಯವ್ರಿಗೆ ಕೊಡಕ್ಕೆ ಬಂದೆ. ಮಡಿಸೋದು, ಬಿಚ್ಚೋದು, ಮತ್ತೆ ಮಡಿಸೋದು. ಕತ್ತಲೇಲಿ ಕೈಗೊಂದು ಕೆಲಸ ಬೇಕಲ್ಲ." ಆಮೇಲೆ ಅವರೇ ಮಾತಾಡಿದರು. ಚಿಕ್ಕಂದಿನಲ್ಲಿ ಒಮ್ಮೆ ಬೀರುವಿನೊಳಗೆ ಸಿಕ್ಕಿಕೊಂಡಿದ್ದು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲದಿದ್ದುದು. ನಾನು ಹೂಂ ಅನ್ನುತ್ತಿದ್ದೆ.

"ಗಂಡನ ಹತ್ರ ಯಾವತ್ತು ಹೋಗ್ತೀರಿ?" ಎಂದು ಕೇಳಿದರು.

"ಈ ಶನಿವಾರ. ರಾತ್ರಿ ಎಕ್ಸ್‌ಪ್ರೆಸ್."

"ಆಮೇಲೆ ಈ ಫೋನ್ ಯಾರು ಎತ್ತುತ್ತಾರೆ?"

"ಯಾರಾದ್ರೂ ಎತ್ತುತ್ತಾರೆ" ಎಂದೆ. ನನ್ನೆದುರು ಸಾಲಾಗಿ ಲ್ಯಾಪ್‌ಟಾಪುಗಳು, ಎಲ್ಲದರಲ್ಲೂ ಒಂದೇ ಬರಹ: ಸಂಪರ್ಕವಿಲ್ಲ.

ಮೆಕ್ಯಾನಿಕ್ ತಲುಪಿದ ಮೇಲೆ ನನ್ನ ಮೊಬೈಲಿನಿಂದ ಆ ಪರೀಕ್ಷೆಯ ನಂಬರಿಗೆ ಕರೆ ಮಾಡಿ ನೋಡಿದೆ. ಯಾವ ಲ್ಯಾಪ್‌ಟಾಪೂ ಸದ್ದು ಮಾಡಲಿಲ್ಲ. ಮೊಬೈಲುಗಳಲ್ಲಿ ನೆಟ್ ಸುತ್ತುತ್ತಲೇ ಇತ್ತು, ಕರೆಂಟ್ ಹೋದಾಗ ಊರಿನವರೆಲ್ಲ ಅದರ ಮೇಲೇ ಬಿದ್ದಿರುತ್ತಾರೆ. ಲೆಕ್ಕದವರ ಮೊಬೈಲ್ ಒಂದು ಒದರಿತು. ಅದು ಮೇಜಿನ ಮೇಲಿತ್ತು, ಅವರು ಹೊರಗೆ ಟೀ ಕುಡಿಯುತ್ತಿದ್ದರು.

ಲಿಫ್ಟ್ ನಿಲ್ಲುವುದೇ ಕರೆಂಟ್ ಹೋದಾಗ.

ಮಾರ್ಚ್ ೨೦, ಬುಧವಾರ

ರೂಟರಿಗೆ ಬ್ಯಾಟರಿ ಇಟ್ಟರಾಯಿತು ಎಂದರು ಟೈ. ನಾನು ಇಂಟರ್ನೆಟ್ ಕೇಬಲ್ಲಿನ ಹಿಂದೆಯೇ ನಡೆದುಕೊಂಡು ಬೀದಿ ತುದಿಯ ತನಕ ಹೋಗಿ ಬಂದೆ. ಅಲ್ಲಿ ಕಂಬಕ್ಕೆ ಒಂದು ಪೆಟ್ಟಿಗೆ ಕಟ್ಟಿದ್ದಾರೆ, ಅದಕ್ಕೆ ಕರೆಂಟ್ ಪಕ್ಕದ ಅಂಗಡಿಯಿಂದ. ನಮ್ಮ ರೂಟರಿಗೆ ನಾವು ಬ್ಯಾಟರಿ ಕೊಡಬಹುದು, ಆ ಪೆಟ್ಟಿಗೆಗೆ ಯಾರು ಕೊಡುತ್ತಾರೆ? ಎರಡನೇ ದಾರಿಯಲ್ಲೂ ಕರೆ ಇದೇ ಕೇಬಲ್ಲಿನಲ್ಲಿ ಬರಬೇಕು.

ಉಳಿದದ್ದು ಮೂರನೆಯದು. ಹಳೆಯ ಲೈನುಗಳು, ಹಳೆಯ ಬೋರ್ಡು ಇದ್ದಲ್ಲೇ ಇರುತ್ತವೆ. ನಡುವೆ ನಮ್ಮ ಪೆಟ್ಟಿಗೆ. ಆಫೀಸಿನ ಕರೆಗಳು ಕಟ್ಟೆಗೆ ಹೋಗುತ್ತವೆ, ಲಿಫ್ಟಿನ ಕರೆ ಮೊದಲು ಬೋರ್ಡಿಗೆ, ಜೊತೆಗೆ ಕಟ್ಟೆಗೂ. ಕರೆಂಟ್ ಹೋದರೂ ಬೋರ್ಡಿನದು ನಿಲ್ಲುವುದಿಲ್ಲ. ಆದರೆ ಪೆಟ್ಟಿಗೆ ತರಿಸಬೇಕು, ಟೆಲಿಫೋನ್ ಕಂಪನಿಯವರು ಬಂದು ನೋಡಬೇಕು, ನಾನು ಅದನ್ನು ಕಲಿಯಬೇಕು.

ದೊಡ್ಡಸಾರ್ ಒಳ್ಳೆಯವರು. "ಶನಿವಾರ ನಿಂಗೆ ರೈಲಿದೆಯಲ್ಲಮ್ಮ. ಸದ್ಯಕ್ಕೆ ಮೊದಲನೇದೇ ಹಾಕಿ ಹೊರಡು. ಮಿಕ್ಕಿದ್ದು ಮುಂದೆ ಬರೋರು ನೋಡ್ಕೋತಾರೆ."

"ಮುಂದೆ ಯಾರೂ ಬರಲ್ಲ ಸಾರ್, ಈ ಕೆಲಸಕ್ಕಿರೋದು ನಾನೊಬ್ಳೇ. ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ" ಎಂದೆ. ಹೇಳಿದ್ದು ನಾನೇನಾ ಎಂದು ಈಗಲೂ ಅನುಮಾನ.

ಮಾರ್ಚ್ ೨೧, ಗುರುವಾರ

ಅವನಿಗೆ ಹೇಳಿದೆ. ಲಿಫ್ಟ್, ಹೊಲಿಗೆಯವರು, ಬೀದಿ ತುದಿಯ ಪೆಟ್ಟಿಗೆ, ಎಲ್ಲವನ್ನೂ ವಿವರವಾಗಿ. ಅವನು "ಸರಿ" ಅಂದ. ಸುಸ್ತಾಗಿರಬೇಕು.

ಮಾರ್ಚ್ ೨೩, ಶನಿವಾರ

ಎಕ್ಸ್‌ಪ್ರೆಸ್ ಹೋಗಿರುತ್ತದೆ ಈಗ. ಅವನು ಫೋನ್ ಎತ್ತಲಿಲ್ಲ. ಶನಿವಾರ ಅಂಗಡಿಯಲ್ಲಿ ಜನ ಜಾಸ್ತಿ.

ಏಪ್ರಿಲ್ ೨, ಮಂಗಳವಾರ

ಪೆಟ್ಟಿಗೆ ಬಂತು. ಬೋರ್ಡಕ್ಕ ಅದನ್ನು ತಿರುಗಿಸಿ ನೋಡಿ, "ಇಷ್ಟೇ ಉದ್ದದ ಡಬ್ಬಕ್ಕೆ ಆ ಕಂಬದಂಥ ಗಂಡನ್ನ ಕಾಯಿಸ್ತಿದ್ದೀಯಾ?" ಅಂದರು. ಬೋರ್ಡ್ ಹೋಗುವುದಿಲ್ಲ ಎಂದು ಗೊತ್ತಾದಾಗಿನಿಂದ, ತನ್ನ ಹಣೆಯಲ್ಲಿ ವಿಶ್ರಾಂತಿ ಬರೆದಿಲ್ಲ ಎಂದು ಗೊಣಗುತ್ತಾರೆ. ಇವತ್ತು ಕುರ್ಚಿಗೆ ಹೊಸ ದಿಂಬು ತಂದಿದ್ದಾರೆ.

ಜೋಡಿಸಿದೆ. ಕರೆ ಬರುತ್ತದೆ, ಎತ್ತಬಹುದು. ಆದರೆ ಒಂದೇ ಕಡೆಯಿಂದ ಮಾತು. ನಾವು ಆಡಿದ್ದು ಲಿಫ್ಟಿನವರಿಗೆ ಕೇಳುತ್ತದೆ, ಲಿಫ್ಟಿನವರು ಆಡಿದ್ದು ನಮಗೆ ಕೇಳುವುದಿಲ್ಲ. ಪೆಟ್ಟಿಗೆ ತನ್ನ ವಿಳಾಸವನ್ನು ತಪ್ಪಾಗಿ ಹೇಳಿಕೊಳ್ಳುತ್ತಿರಬೇಕು, ಹಾಗಾದಾಗ ಆ ಕಡೆಯ ಮಾತು ಎಲ್ಲಿಗೋ ಹೋಗುತ್ತದೆ. ನಾಳೆ ನೋಡಬೇಕು.

ಏಪ್ರಿಲ್ ೪, ಗುರುವಾರ

ವಿಳಾಸವೇ ತಪ್ಪಿತ್ತು. ಸರಿಮಾಡಿದೆ. ಈಗ ಎರಡೂ ಕಡೆ ಕೇಳುತ್ತದೆ.

ಸಂಜೆ ಅವನಿಗೆ ಫೋನ್ ಮಾಡಿದೆ. ಹೇಳುವುದು ಬೇಕಾದಷ್ಟಿತ್ತು, ಆದರೆ ಅವನ "ಹಲೋ" ಯಾಕೋ ಮೆತ್ತಗಿತ್ತು.

"ಇದ್ದೀಯಾ?" ಎಂದೆ.

"ಇದ್ದೀನಿ."

ಸುಮ್ಮನಿದ್ದೆ. ಆ ಕಡೆ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ಅದು ಕಟಕಟ ಎನ್ನುತ್ತದೆ ಎಂದು ಇವತ್ತೇ ಗೊತ್ತಾಯಿತು.

"ಆ ಭಾನುವಾರ ಬೆಳಿಗ್ಗೆ ಸ್ಟೇಷನ್‌ಗೆ ಹೋಗಿದ್ದೆ" ಎಂದ.

"ನಾನು ಬರಲ್ಲ ಅಂತ ಗೊತ್ತಿತ್ತಲ್ಲೋ."

"ಗೊತ್ತಿತ್ತು. ರಜೆ ಹಾಕಿದ್ನಲ್ಲ, ಮನೇಲಿ ಆ ಎರಡು ಸ್ಟೂಲ್ ನೋಡ್ಕೊಂಡು ಕೂರಕ್ಕಾಗ್ಲಿಲ್ಲ. ಹೋಗಿ ಟೀ ಕುಡಿದು ಬಂದೆ. ಎಕ್ಸ್‌ಪ್ರೆಸ್ ಸರಿಯಾದ ಟೈಮಿಗೆ ಬಂತು. ಎಲ್ಲರೂ ಇಳಿದ್ರು. ನಂಗೆ ಸಿಟ್ಟು ಬಂದಿತ್ತು. ಹೇಳಕ್ಕೆ ನೀನು ಜಾಗಾನೇ ಕೊಡಲ್ಲ."

ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡೆ. ಅವನದು ಇನ್ನೂ ಮುಗಿದಿಲ್ಲ ಅನ್ನಿಸಿತು.

"ನಮ್ಮ ಅಂಗಡಿ ಕಟ್ಟಡದ ಲಿಫ್ಟೂ ನಿಮ್ಮ ಕಂಪನೀದೇ ಕಣೇ. ನಿನ್ನೆ ಗಮನಿಸಿದೆ. ಒಂದೇ ಬಟನ್ ಇದೆ ಫೋನಿಗೆ."

"ಒತ್ತಿದ್ಯಾ?"

"ಇಲ್ಲ. ಆದ್ರೆ ನೀನೇ ಎತ್ತಬಹುದೇನೋ ಅಂತ ಆಸೆ ಆಯ್ತು. ಆ ಹೊಲಿಗೆಯವ್ರು, ಆಮೇಲೆ ಚೆನ್ನಾಗಿದ್ದಾರಾ?"

ಚೆನ್ನಾಗಿದ್ದಾರೆ. ಮೊನ್ನೆ ಆಫೀಸಿಗೇ ಬಂದು, ನನ್ನನ್ನು ಧ್ವನಿಯಿಂದ ಗುರುತು ಹಿಡಿದು, ರವಿಕೆಯ ಅಳತೆ ತೆಗೆದುಕೊಂಡು ಹೋದರು. ಅದನ್ನು ಬರೆಯಲು ಮರೆತಿದ್ದೆ.

ಏಪ್ರಿಲ್ ೧೨, ಶುಕ್ರವಾರ

ಟೆಲಿಫೋನ್ ಕಂಪನಿಯವರು ಬಂದು ನೋಡಿ ಒಪ್ಪಿದರು. ಚಿಕ್ಕಮ್ಮನ ಲಿಫ್ಟನ್ನು ಹಳೆಯ ನಂಬರಿಗೇ ತಿರುಗಿಸಿ ಕೊನೆಯ ಪರೀಕ್ಷೆ ಮಾಡಿದೆವು. ದೊಡ್ಡಸಾರ್ ಮೇನ್ ಸ್ವಿಚ್ ಮೇಲೆ ಕೈಯಿಟ್ಟು, ಬಾಂಬ್ ಇಡುವವರ ಹಾಗೆ ನಮ್ಮನ್ನೆಲ್ಲ ಒಮ್ಮೆ ನೋಡಿ, ಎಳೆದರು. ಫ್ಯಾನ್ ನಿಂತವು. ಕಟ್ಟೆ ಖಾಲಿಯಾಯಿತು. ಎಲ್ಲರೂ ಬೋರ್ಡನ್ನೇ ನೋಡುತ್ತ ನಿಂತೆವು. ಕೆಂಪು ದೀಪ ಹತ್ತಿತು.

ಬೋರ್ಡಕ್ಕ ಎತ್ತಿದರು. ರೂಮಿನ ಮೂಲೆಯ ತನಕ ಕೇಳಿಸುವ ದನಿಯಲ್ಲಿ ನಮ್ಮ ಚಿಕ್ಕಮ್ಮ: "ಹಲೋ, ಸಿಕ್ಕಿಹಾಕ್ಕೊಂಡಿಲ್ಲ, ಪರೀಕ್ಷೆಗೆ ಒತ್ತಿದ್ದೀನಿ. ಮೂರನ್ನ ಒತ್ತಿ ಅಂತ ಮಾತ್ರ ಅನ್ಬೇಡಿ, ಹುಡುಕಕ್ಕೆ ಕನ್ನಡಕ ತಂದಿಲ್ಲ."

"ಹೆದರ್ಕೋಬೇಡಿ, ಆಯ್ತಾ" ಅಂದರು ಬೋರ್ಡಕ್ಕ. ಅದನ್ನು ಯಾರೂ ತೆಗೆಸಲಿಲ್ಲ.

ಏಪ್ರಿಲ್ ೧೯, ಶುಕ್ರವಾರ

ಇವತ್ತು ಕೊನೆಯ ದಿನ. ಟೈ ಕೂಡ ಬಂದಿದ್ದರು. ಬೇರೆ ಲಿಫ್ಟ್ ಕಂಪನಿಯೊಂದಕ್ಕೂ ಇದೇ ದಾರಿ ತೋರಿಸಬೇಕೆಂದು ನನ್ನಿಂದ ಬರೆಸಿಕೊಂಡು ಹೋದರು.

ಟಿಕೆಟ್ ನೋಡಿದರೆ ಎಕ್ಸ್‌ಪ್ರೆಸ್ಸಿನಲ್ಲಿ ಇಡೀ ವಾರ ಜಾಗವಿಲ್ಲ. ಕಾಯಲು ನನ್ನಿಂದಾಗದು. ಕೂತು ಯೋಚಿಸಲೂ ಇಲ್ಲ, ಇದ್ದದ್ದಕ್ಕೆ ಮಾಡಿಸಿಬಿಟ್ಟೆ.

ಸಂಜೆ ಬೋರ್ಡಕ್ಕ ಮುಖ ತೊಳೆಯಲು ಎದ್ದಾಗ ಅವರ ಹೊಸ ದಿಂಬಿನ ಮೇಲೆ ಒಮ್ಮೆ ಕೂತು ನೋಡಿದೆ. ದೀಪ ಹತ್ತಿತು. ಎತ್ತಿದೆ.

"ಹಲೋ" ಎಂದಿತು ಆ ಕಡೆ. "ಲಿಫ್ಟ್ ನಿಂತಿಲ್ಲ. ನಾನು ನಿಂತಿದ್ದೀನಿ."

ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೋರ್ಡಕ್ಕ ಒದ್ದೆ ಮುಖದಲ್ಲೇ ಬಂದು, ನನ್ನನ್ನು ನೋಡಿ, ಯಾರೆಂದು ತಿಳಿದುಕೊಂಡು ಗದರಿದರು: "ಗಂಡನಾದ್ರೇನು, ಗವರ್ನರ್ ಆದ್ರೇನು, ಅದು ಲಿಫ್ಟ್ ಲೈನು. ಬೇಗ ಹೇಳಿ ಇಡೇ."

ಹೇಳುವುದು ಒಂದು ಚೀಲದಷ್ಟಿತ್ತು. ಲೈನ್ ಖಾಲಿ ಬಿಡಬೇಕಿತ್ತು.

"ಯಾವತ್ತು?" ಎಂದು ಕೇಳಿದ.

"ಭಾನುವಾರ ಸಂಜೆ. ಪ್ಯಾಸೆಂಜರ್."